ಭತ್ತದ ಗದ್ದೆಗೂ ಹವಾಮಾನ ಬದಲಾವಣೆಗೂ ಏನು ಸಂಬಂಧ?

ಸಂಬಂಧ ಎರಡೂ ಕಡೆಯಿಂದ ಇದೆ. ಗದ್ದೆ ಭೂಮಿಯ ಬಿಸಿ ಹೆಚ್ಚಿಸುತ್ತದೆ, ಆ ಬಿಸಿ ಭತ್ತದ ಇಳುವರಿಯನ್ನೇ ತಗ್ಗಿಸುತ್ತದೆ.

ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೊಳೆತ ಕೂಳೆ, ಬೇರು ತಿಂದು ಮೀಥೇನ್ ಅನಿಲ ಬಿಡುತ್ತವೆ. ಕೆಸರು ತುಳಿದಾಗ ಬುಳಬುಳ ಗುಳ್ಳೆ ಏಳುತ್ತದೆ ಅಲ್ವಾ, ಅದರಲ್ಲೂ ಇದು ಇರುತ್ತದೆ. ಹೆಚ್ಚಿನ ಪಾಲು ಮಾತ್ರ ಪೈರಿನ ಒಳಗಿನಿಂದಲೇ ಹೊರಹೋಗುತ್ತದೆ. ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಮೀಥೇನ್, 100 ವರ್ಷದ ಲೆಕ್ಕದಲ್ಲಿ, ಸುಮಾರು 27 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ.

ಇನ್ನು, ಹೂ ಬಿಡುವ ಹೊತ್ತಿಗೆ ತಾಪಮಾನ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ.

ಗದ್ದೆಯನ್ನು ಆಗಾಗ ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ ಮೀಥೇನ್ ಸಾಕಷ್ಟು ಕಡಿಮೆಯಾಗುತ್ತದೆ. ಹೂ ಬಿಡುವಾಗ ಮಾತ್ರ ಆರಿಸಬಾರದು. ನಾಲೆ ನೀರು ಸರದಿಯಲ್ಲಿ ಬರುವ ಕಡೆ ಇದು ಹೇಳಿದಷ್ಟು ಸುಲಭ ಅಲ್ಲ.