ಡಿಕ್ಲೇರ್ ಮಾಡೋದು ಯಾವಾಗ? ರನ್ ಲೆಕ್ಕ, ಓವರ್ ಲೆಕ್ಕ, ನಾಯಕನ ಭಯ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟೆಸ್ಟ್ ಕ್ರಿಕೆಟ್‌ನ ಡಿಕ್ಲರೇಷನ್ ಬಗ್ಗೆ, ಅಂದರೆ ಹತ್ತು ವಿಕೆಟ್ ಬೀಳುವ ಮೊದಲೇ ನಾಯಕ ತನ್ನ ತಂಡದ ಇನಿಂಗ್ಸ್ ನಿಲ್ಲಿಸುವ ಬಗ್ಗೆ. ಅದರಲ್ಲೂ ನಮ್ಮ ದ್ರಾವಿಡ್ ಮತ್ತು ಕುಂಬ್ಳೆ ತೆಗೆದುಕೊಂಡ ತೀರ್ಮಾನಗಳ ಬಗ್ಗೆ.

ಪ್ರಶ್ನೆ: 2007ರ ಓವಲ್ ಟೆಸ್ಟ್‌ನಲ್ಲಿ 319 ರನ್ ಮುನ್ನಡೆ ಇದ್ದರೂ ರಾಹುಲ್ ದ್ರಾವಿಡ್ ಫಾಲೋ ಆನ್ (ಹಿಂದೆ ಬಿದ್ದ ತಂಡವನ್ನೇ ಕೂಡಲೇ ಮತ್ತೆ ಬ್ಯಾಟ್ ಮಾಡಿಸುವುದು) ಹೇರಲಿಲ್ಲ. ಮತ್ತೆ ಬ್ಯಾಟ್ ಮಾಡಿ ಇಂಗ್ಲೆಂಡ್‌ಗೆ 500 ರನ್ ಗುರಿ ಕೊಟ್ಟರು. ಪಂದ್ಯ ಡ್ರಾ ಆಯಿತು. ಡಿಕ್ಲೇರ್ ತಡವಾಯ್ತು, ಅದು ಹೆದರುಪುಕ್ಕಲ ನಾಯಕತ್ವ ಅಂತ ಅಪ್ಪ ಇವತ್ತಿಗೂ ಬೈತಾರೆ. ನಾನು ಒಪ್ಪಲ್ಲ. ಯಾರು ಸರಿ?
(ಓದುಗರು, ಶಿವಮೊಗ್ಗ)

ಉತ್ತರ: ಭಯ ಇತ್ತು ಅನ್ನೋದರಲ್ಲಿ ನಿಮ್ಮ ತಂದೆ ಸರಿ. ಆದರೆ ಅದು ಕೆಲಸ ಮಾಡಿದ್ದು ಡಿಕ್ಲೇರ್ ಮಾಡುವ ಹೊತ್ತಿನಲ್ಲಲ್ಲ. ಅದಕ್ಕೂ ಮೊದಲೇ, ಫಾಲೋ ಆನ್ ಬೇಡ ಅಂದಾಗಲೇ ಪಂದ್ಯ ಡ್ರಾ ಕಡೆಗೆ ತಿರುಗಿತ್ತು.

ಅವತ್ತಿನ ಪರಿಸ್ಥಿತಿ ನೆನಪಿಸಿಕೊಳ್ಳೋಣ. ಲಾರ್ಡ್ಸ್‌ನಲ್ಲಿ ಭಾರತ 9 ವಿಕೆಟ್ ಕಳೆದುಕೊಂಡು ಹೇಗೋ ಪಾರಾಗಿತ್ತು. ನಾಟಿಂಗ್‌ಹ್ಯಾಮ್‌ನಲ್ಲಿ ಗೆದ್ದು 1-0 ಮುಂದಿತ್ತು. ಓವಲ್‌ನಲ್ಲಿ ಡ್ರಾ ಮಾಡಿಕೊಂಡರೂ ಸರಣಿ ನಮ್ಮದು. 1986ರಲ್ಲಿ ಕಪಿಲ್ ತಂಡ ಗೆದ್ದ ಮೇಲೆ ಇಂಗ್ಲೆಂಡ್‌ನಲ್ಲಿ ಸರಣಿ ಗೆದ್ದಿರಲಿಲ್ಲ. ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಹೊಡೆದು ತಂಡವನ್ನು 664ಕ್ಕೆ ಮುಟ್ಟಿಸಿದ್ದರು. ಇಂಗ್ಲೆಂಡ್ 345ಕ್ಕೆ ಆಲೌಟ್. ನಮ್ಮಲ್ಲಿದ್ದ ಪೂರ್ಣ ಪ್ರಮಾಣದ ಬೌಲರ್‌ಗಳು ನಾಲ್ವರೇ: ಜಹೀರ್, ಆರ್.ಪಿ. ಸಿಂಗ್, ಶ್ರೀಶಾಂತ್, ಕುಂಬ್ಳೆ. ನೂರರ ಆಸುಪಾಸು ಓವರ್ ಎಸೆದು ಅವರು ಸುಸ್ತಾಗಿದ್ದರು. ದ್ರಾವಿಡ್ ಅವರಿಗೆ ವಿಶ್ರಾಂತಿ ಕೊಟ್ಟು ಬ್ಯಾಟಿಂಗ್ ಆರಿಸಿಕೊಂಡರು.

ಆಮೇಲೆ ಆಗಿದ್ದು ಎಲ್ಲರಿಗೂ ನೆನಪಿದೆ. 11 ರನ್ ಆಗುವಷ್ಟರಲ್ಲಿ 3 ವಿಕೆಟ್ ಹೋಯಿತು. ದ್ರಾವಿಡ್ 96 ಎಸೆತ ಆಡಿ 12 ರನ್ ಮಾಡಿದರು. ಗಂಗೂಲಿ 57 ಹೊಡೆದರು, ಲಕ್ಷ್ಮಣ್ ಔಟಾಗದೆ 46. ಸುಮಾರು 58 ಓವರ್ ಆಡಿ 6 ವಿಕೆಟ್‌ಗೆ 180 ಆದಾಗ ಡಿಕ್ಲೇರ್. ಇಂಗ್ಲೆಂಡ್ ಸುಮಾರು 110 ಓವರ್ ಆಡಿ 6 ವಿಕೆಟ್‌ಗೆ 369 ಮಾಡಿ ಉಳಿದುಕೊಂಡಿತು.

ಈಗ ಓವರ್ ಲೆಕ್ಕ ಹಾಕಿ. 110 ಓವರ್‌ಗೆ 6 ವಿಕೆಟ್ ಅಂದರೆ ಒಂದು ವಿಕೆಟ್‌ಗೆ 18 ಓವರ್. ಉಳಿದ 4 ವಿಕೆಟ್‌ಗೆ ಇದೇ ಲೆಕ್ಕದಲ್ಲಿ ಇನ್ನೂ 70ಕ್ಕಿಂತ ಜಾಸ್ತಿ ಓವರ್ ಬೇಕಿತ್ತು. ಭಾರತದ ಇಡೀ ಎರಡನೇ ಇನಿಂಗ್ಸ್ ನಡೆದದ್ದೇ 58 ಓವರ್. ಅಂದರೆ ಟೀಗೆ ಡಿಕ್ಲೇರ್ ಮಾಡಿದ್ದರೂ, ಒಂದು ಗಂಟೆ ಮೊದಲೇ ಮಾಡಿದ್ದರೂ ಗೆಲುವು ಸುಲಭವಾಗಿ ಸಿಗುತ್ತಿರಲಿಲ್ಲ.

ಫಾಲೋ ಆನ್ ಹೇರಿದ್ದರೆ? ಇಂಗ್ಲೆಂಡ್‌ಗೆ ಹತ್ತಿರತ್ತಿರ 170 ಓವರ್ ಆಡಬೇಕಾಗುತ್ತಿತ್ತು. ಅದೇ 369 ರನ್ ಅದೇ ವೇಗದಲ್ಲಿ ಬಂದಿದ್ದರೆ, 110 ಓವರ್ ಮುಗಿದಾಗ ಅವರು ಬರೀ 50 ರನ್ ಮುಂದಿರುತ್ತಿದ್ದರು. ಕೈಯಲ್ಲಿ 4 ವಿಕೆಟ್, ಆಟ ಇನ್ನೂ 60 ಓವರ್ ಬಾಕಿ. ದಣಿದ ಬೌಲರ್‌ಗಳು ಅಷ್ಟೇ ಚೆನ್ನಾಗಿ ಹಾಕುತ್ತಿದ್ದರೇ ಅನ್ನೋದು ನ್ಯಾಯವಾದ ಪ್ರಶ್ನೆ. ಆದರೂ ಅಲ್ಲಿಂದ ಭಾರತ ಸೋಲೋದು ಬಹಳ ಕಷ್ಟವಿತ್ತು, ಗೆಲ್ಲೋದು ಸಾಧ್ಯವಿತ್ತು. ನಾನಾಗಿದ್ದರೆ ಫಾಲೋ ಆನ್ ಹೇರುತ್ತಿದ್ದೆ.

ದ್ರಾವಿಡ್ ಯಾಕೆ ಹಿಂಜರಿದರು ಅನ್ನೋದಕ್ಕೆ ನನಗೆ ಎರಡು ಕಾರಣ ಕಾಣುತ್ತವೆ. 2001ರ ಕೋಲ್ಕತ್ತಾದಲ್ಲಿ 274 ರನ್ ಹಿಂದಿದ್ದು, ಫಾಲೋ ಆನ್ ಪಡೆದು, ಲಕ್ಷ್ಮಣ್ 281 ಮತ್ತು ದ್ರಾವಿಡ್ 180 ಹೊಡೆದರು. ಆಸ್ಟ್ರೇಲಿಯಾ 171 ರನ್‌ಗಳಿಂದ ಸೋತಿತು. ಫಾಲೋ ಆನ್ ಹೇರಿದ ನಾಯಕನಿಗೆ ಏನಾಗಬಹುದು ಅಂತ ಅವರಷ್ಟು ಚೆನ್ನಾಗಿ ಗೊತ್ತಿದ್ದವರು ಕಡಿಮೆ. ಇನ್ನೊಂದು, ಪಂದ್ಯ ಸೋತರೆ ನಾಯಕನ ಹೆಸರು ಹೇಳುತ್ತಾರೆ, ಡ್ರಾ ಆದರೆ ಪಿಚ್ ಸಪ್ಪೆ ಅನ್ನುತ್ತಾರೆ. ಈ ಲೆಕ್ಕ ಪ್ರತಿಯೊಬ್ಬ ನಾಯಕನ ತಲೆಯಲ್ಲೂ ಓಡುತ್ತಿರುತ್ತದೆ. ಆದರೂ ಒಂದು ಪಂದ್ಯ ನೋಡಿ ದ್ರಾವಿಡ್‌ಗೆ ಹೆದರುಪುಕ್ಕಲು ಅನ್ನೋದು ತಪ್ಪು. ಒಂದು ವರ್ಷ ಮೊದಲು, 2006ರ ಆಂಟಿಗಾ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್‌ಗೆ 392ರ ಗುರಿ ಕೊಟ್ಟು, 298ಕ್ಕೆ 9 ವಿಕೆಟ್ ಕೆಡವಿ, ಕೊನೆಯ ಒಂದು ವಿಕೆಟ್ ಸಿಗದೆ ಡ್ರಾ ಮಾಡಿಕೊಂಡವರು ಅವರೇ.

ಪ್ರಶ್ನೆ: 2007ರ ಡಿಸೆಂಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ 374ರ ಗುರಿ ಕೊಟ್ಟರು. ಪಾಕ್ 7 ವಿಕೆಟ್‌ಗೆ 162 ಆಗಿದ್ದಾಗ ಬೆಳಕು ಕೈಕೊಟ್ಟಿತು. ಸ್ವಲ್ಪ ಬೇಗ ಡಿಕ್ಲೇರ್ ಮಾಡಿದ್ದರೆ ಗೆಲ್ತಿದ್ವಿ ಅಲ್ವಾ?
(ಓದುಗರು, ಬೆಂಗಳೂರು)

ಉತ್ತರ: ಹೌದು, ಇಲ್ಲಿ ತಡವಾಯಿತು. ನನಗೆ ಕುಂಬ್ಳೆ ಮೇಲೆ ಅಪಾರ ಗೌರವ. ಆ ಸಂಜೆ ಅವರು ಸ್ಪಿನ್ ಬಿಟ್ಟು ಮಧ್ಯಮ ವೇಗದಲ್ಲಿ ಎಸೆದು, ಚೆಂಡು ತಗ್ಗಿ ಬರುತ್ತಿದ್ದ ಪಿಚ್ ಬಳಸಿಕೊಂಡು 60 ರನ್‌ಗೆ 5 ವಿಕೆಟ್ ಕಿತ್ತದ್ದು ಮರೆಯೋ ಹಾಗಿಲ್ಲ. ಅಂಥ ಪಿಚ್‌ನಲ್ಲಿ ಐದನೇ ದಿನ, ಎರಡು ಅವಧಿಗೂ ಕಡಿಮೆ ಸಮಯದಲ್ಲಿ 374 ಹೊಡೆಯಲು ಯಾವ ತಂಡಕ್ಕೂ ಆಗುತ್ತಿರಲಿಲ್ಲ. 300 ಕೊಟ್ಟಿದ್ದರೂ ಸಾಕಿತ್ತು.

ಇದರಲ್ಲಿ ಬೆಂಗಳೂರಿನವರಿಗೆ ಗೊತ್ತಿರುವ ಸಂಗತಿ ಒಂದಿದೆ. ಡಿಸೆಂಬರ್‌ನಲ್ಲಿ ಇಲ್ಲಿ ಬೇಗ ಕತ್ತಲಾಗುತ್ತದೆ. ಮೋಡ ಇದ್ದರೆ ಇನ್ನೂ ಬೇಗ. ಸ್ಕೋರ್‌ಬೋರ್ಡ್‌ನಲ್ಲಿ ಎಷ್ಟು ಓವರ್ ಬಾಕಿ ಅಂತ ತೋರಿಸುತ್ತದೋ ಅಷ್ಟು ಸಿಗೋದಿಲ್ಲ. ಕೊನೆಯ ಹತ್ತು ಹದಿನೈದು ಓವರ್ ಇಲ್ಲ ಅಂತಲೇ ತಿಳಿದು ಡಿಕ್ಲೇರ್ ಮಾಡಬೇಕು. ಆಗ ನಿರ್ಧಾರ ಊಟದ ನಂತರದಿಂದ ಊಟಕ್ಕೆ ಮುಂಚೆಗೆ ಬರುತ್ತದೆ.

ಆದರೂ ಆ ತೀರ್ಮಾನದ ಹಿಂದಿನ ಭಯವನ್ನು ತಳ್ಳಿಹಾಕಲಾಗದು. ಭಾರತ ಸರಣಿಯಲ್ಲಿ 1-0 ಮುಂದಿತ್ತು. ಪಾಕಿಸ್ತಾನದ ವಿರುದ್ಧ ತವರಿನಲ್ಲಿ ಸರಣಿ ಗೆಲುವು ಕೈಯಲ್ಲಿತ್ತು. ಜತೆಗೆ, ಧೈರ್ಯ ಮಾಡಿ ಡಿಕ್ಲೇರ್ ಮಾಡಿ ಸೋತ ನಾಯಕರ ಕಥೆಗಳನ್ನು ಕ್ರಿಕೆಟಿಗರು ಮರೆಯೋದೇ ಇಲ್ಲ. ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್ ಮೈದಾನ ಒಂದರಲ್ಲೇ ಅಂಥ ಎರಡು ಕಥೆ ಇವೆ. 1968ರಲ್ಲಿ ವೆಸ್ಟ್ ಇಂಡೀಸ್ ನಾಯಕ ಗ್ಯಾರಿ ಸೋಬರ್ಸ್ 2 ವಿಕೆಟ್‌ಗೆ 92ಕ್ಕೆ ಡಿಕ್ಲೇರ್ ಮಾಡಿ, ಇಂಗ್ಲೆಂಡ್‌ಗೆ 165 ನಿಮಿಷದಲ್ಲಿ 215 ರನ್ ಗುರಿ ಕೊಟ್ಟರು. ಬಾಯ್ಕಾಟ್ ಔಟಾಗದೆ 80, ಕೌಡ್ರಿ 71. ಮೂರು ಎಸೆತ ಬಾಕಿ ಇದ್ದಾಗ ಇಂಗ್ಲೆಂಡ್ ಗೆದ್ದಿತು, ಸರಣಿಯನ್ನೂ 1-0ಯಿಂದ ತೆಗೆದುಕೊಂಡು ಹೋಯಿತು. ಸೋಬರ್ಸ್‌ರಂಥ ಆಟಗಾರನನ್ನು ಜನ ವರ್ಷಗಟ್ಟಲೆ ಇದಕ್ಕಾಗಿ ಬೈದರು.

ಎರಡನೆಯದು ನಮ್ಮ ಪಾಲಿನ ಸಿಹಿ. 1976ರಲ್ಲಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ 6 ವಿಕೆಟ್‌ಗೆ 271ಕ್ಕೆ ಡಿಕ್ಲೇರ್ ಮಾಡಿ 403ರ ಗುರಿ ಕೊಟ್ಟರು. ಗಾವಸ್ಕರ್ 102, ನಮ್ಮ ವಿಶ್ವನಾಥ್ 112, ಮೊಹಿಂದರ್ 85, ಬ್ರಿಜೇಶ್ ಪಟೇಲ್ ಔಟಾಗದೆ 49. ಭಾರತ 4 ವಿಕೆಟ್‌ಗೆ 406! ಆ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ 6 ವಿಕೆಟ್ ತೆಗೆದಿದ್ದನ್ನೂ ಇಲ್ಲಿ ಹೇಳಲೇಬೇಕು. ಲಾಯ್ಡ್ ಲೆಕ್ಕದಲ್ಲಿ ದೊಡ್ಡ ತಪ್ಪಿರಲಿಲ್ಲ. ನಾಲ್ಕನೇ ಇನಿಂಗ್ಸ್‌ನಲ್ಲಿ 400ಕ್ಕಿಂತ ಜಾಸ್ತಿ ಹೊಡೆದು ಗೆದ್ದಿದ್ದು ಅಲ್ಲಿಯವರೆಗೆ ಒಂದೇ ಸಲ, 1948ರಲ್ಲಿ ಬ್ರಾಡ್‌ಮನ್ ತಂಡ. ಆದರೆ ಲಾಯ್ಡ್ ತಂಡದ ಮೂವರು ಸ್ಪಿನ್ನರ್‌ಗಳಿಗೆ ನಮ್ಮವರನ್ನು ಔಟ್ ಮಾಡುವ ಶಕ್ತಿ ಇರಲಿಲ್ಲ. ಡಿಕ್ಲೇರ್ ಮಾಡುವ ಮುಂಚೆ ನಾಯಕ ನೋಡಬೇಕಾದ್ದು ಮೊದಲು ತನ್ನ ಬೌಲರ್‌ಗಳನ್ನು. ಕುಂಬ್ಳೆ ವಿಷಯದಲ್ಲಿ ಆ ಬೌಲರ್ ಅವರೇ ಆಗಿದ್ದರು. ತಮ್ಮನ್ನು ತಾವು ಇನ್ನಷ್ಟು ನಂಬಬಹುದಿತ್ತು.

ಪ್ರಶ್ನೆ: 2025ರ ಎಡ್ಜ್‌ಬಾಸ್ಟನ್ ಟೆಸ್ಟ್‌ನಲ್ಲಿ ಶುಭಮನ್ ಗಿಲ್ 608ರ ಗುರಿ ಕೊಟ್ಟಿದ್ದು ಜಾಸ್ತಿಯಾಯ್ತು ಅಂತ ಟೀಕೆ ಬಂತು. ಆದರೆ 336 ರನ್‌ಗಳಿಂದ ಗೆದ್ದೆವು. ಹಾಗಾದರೆ ಟೀಕೆ ತಪ್ಪು ತಾನೆ?
(ಓದುಗರು, ಮೈಸೂರು)

ಉತ್ತರ: ಗೆದ್ದ ಮಾತ್ರಕ್ಕೆ ನಿರ್ಧಾರ ಸರಿ ಆಗೋದಿಲ್ಲ, ಸೋತ ಮಾತ್ರಕ್ಕೆ ತಪ್ಪೂ ಆಗೋದಿಲ್ಲ. ಕೊನೆಯ ದಿನ ಬೆಳಗ್ಗೆ ಮಳೆಯಿಂದ ಆಟ ತಡವಾಗಿ ಶುರುವಾಯಿತು. ಇನ್ನೆರಡು ಗಂಟೆ ಮಳೆ ಹಿಡಿದಿದ್ದರೆ ನಾವೆಲ್ಲ ಗಿಲ್ ಮೇಲೆ ಸಿಟ್ಟಾಗುತ್ತಿದ್ದೆವು.

ಅವರ ಎಚ್ಚರಿಕೆಗೆ ಕಾರಣ ಇತ್ತು. ಹಿಂದಿನ ಟೆಸ್ಟ್‌ನಲ್ಲೇ ಹೆಡಿಂಗ್ಲಿಯಲ್ಲಿ ಇಂಗ್ಲೆಂಡ್ 371 ಬೆನ್ನತ್ತಿ ಗೆದ್ದಿತ್ತು. ಇದೇ ಎಡ್ಜ್‌ಬಾಸ್ಟನ್‌ನಲ್ಲಿ 2022ರಲ್ಲಿ 378 ರನ್‌ಗಳನ್ನು 3 ವಿಕೆಟ್‌ಗೆ ಹೊಡೆದಿತ್ತು. ಬುಮ್ರಾ ಆಡುತ್ತಿರಲಿಲ್ಲ. ಇದೆಲ್ಲ ಸೇರಿ 500 ಬೇಕು ಅಂದರೆ ಒಪ್ಪುತ್ತೇನೆ. ಕೊನೆಯ 100 ರನ್‌ನಿಂದ ಏನು ಲಾಭವಾಯಿತು ಅಂತ ಕೇಳಲೇಬೇಕು.

ಹೆಚ್ಚುವರಿ ರನ್ ಇರೋದು ಸುಮ್ನೆ ಸ್ಕೋರ್‌ಬೋರ್ಡ್ ಚಂದ ಕಾಣಲಿ ಅಂತಲ್ಲ. ಮೂರನೇ ಸ್ಲಿಪ್ ನಿಲ್ಲಿಸಲಿಕ್ಕೆ, ಗಲ್ಲಿ ಬಿಡದಿರಲಿಕ್ಕೆ, ಶಾರ್ಟ್ ಲೆಗ್ ಉಳಿಸಿಕೊಳ್ಳಲಿಕ್ಕೆ, ಅಂದರೆ ಕ್ಯಾಚ್ ಹಿಡಿಯುವವರನ್ನು ಬ್ಯಾಟರ್ ಹತ್ತಿರವೇ ಇಡಲಿಕ್ಕೆ. ಎರಡು ಬೌಂಡರಿ ಹೋದ ಕೂಡಲೇ ಸ್ಲಿಪ್ ತೆಗೆದು ಬೌಂಡರಿ ಬಳಿಯ ಡೀಪ್ ಪಾಯಿಂಟ್‌ಗೆ ಕಳಿಸುವ ನಾಯಕ 600 ಕೊಟ್ಟರೂ ರಕ್ಷಣಾತ್ಮಕ ನಾಯಕನೇ. 350 ಕೊಟ್ಟು ಸ್ಲಿಪ್ ಕದಲಿಸದವನು ಆಕ್ರಮಣಕಾರಿ. ಹಾಗಾಗಿ ನಾಯಕತ್ವ ಅಳೆಯಬೇಕಾದರೆ ಡಿಕ್ಲೇರ್ ಆದ ಮೇಲಿನ ಮೊದಲ ಹತ್ತು ಓವರ್‌ನ ಫೀಲ್ಡ್ ನೋಡಿ. ಗಿಲ್ ತಂಡ ಆ ಸಂಜೆಯೇ 3 ವಿಕೆಟ್ ಪಡೆಯಿತು. ಮರುದಿನ ಆಕಾಶ್ ದೀಪ್ ಪಂದ್ಯದ ಹತ್ತನೇ ವಿಕೆಟ್ ಪೂರೈಸಿದರು.

ಪ್ರಶ್ನೆ: ಮುಲ್ತಾನ್‌ನಲ್ಲಿ ಸಚಿನ್ 194ರಲ್ಲಿದ್ದಾಗ ಡಿಕ್ಲೇರ್ ಮಾಡಿದ್ದು ಸರಿಯೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಸರಿ. 2004ರಲ್ಲಿ ಗಂಗೂಲಿ ಗಾಯಗೊಂಡಿದ್ದರಿಂದ ದ್ರಾವಿಡ್ ನಾಯಕರಾಗಿದ್ದರು. ಸೆಹ್ವಾಗ್ 309 ಹೊಡೆದಿದ್ದ ಸಪಾಟು ಪಿಚ್ ಅದು. ಅಂಥ ಕಡೆ 20 ವಿಕೆಟ್ ತೆಗೆಯಲು ಸಮಯ ಎಷ್ಟಿದ್ದರೂ ಸಾಲದು. ಎರಡನೇ ದಿನವೇ ಎದುರಾಳಿಯ ಆರಂಭಿಕರನ್ನು ಸಂಜೆ ಆಡಿಸಬೇಕು ಅನ್ನೋದು ಒಳ್ಳೆಯ ಯೋಚನೆ. 5 ವಿಕೆಟ್‌ಗೆ 675ಕ್ಕೆ ಡಿಕ್ಲೇರ್ ಮಾಡಿ ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದದ್ದು ಪಾಕಿಸ್ತಾನದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು.

ಪ್ರಶ್ನೆ: ನಾನು ನಮ್ಮೂರಿನ ಕ್ಲಬ್ ತಂಡದ ನಾಯಕ. ಎರಡು ದಿನದ ಪಂದ್ಯ ಆಡ್ತೀವಿ. ಯಾವಾಗ ಡಿಕ್ಲೇರ್ ಮಾಡಬೇಕು ಅಂತ ಗೊತ್ತಾಗಲ್ಲ. ಸ್ವಲ್ಪ ಹೇಳಿಕೊಡಿ ಸರ್.
(ಓದುಗರು, ದಾವಣಗೆರೆ)

ಉತ್ತರ: ರನ್‌ನಿಂದ ಶುರು ಮಾಡಬೇಡಿ. ಹಿಂದಿನಿಂದ ಲೆಕ್ಕ ಹಾಕಿ. ಈ ಪಿಚ್‌ನಲ್ಲಿ, ಈ ಎದುರಾಳಿಯ ಹತ್ತು ವಿಕೆಟ್ ತೆಗೆಯಲು ನಿಮ್ಮ ಬೌಲರ್‌ಗಳಿಗೆ ಎಷ್ಟು ಓವರ್ ಬೇಕು? 50 ಅನ್ನಿ. ಬೆಳಕು, ಮಳೆ ಅಂತ 10 ಸೇರಿಸಿ. ಅಷ್ಟು ಓವರ್ ಉಳಿದಿರುವಾಗ ಇನಿಂಗ್ಸ್ ನಿಲ್ಲಬೇಕು. ಆ ಹೊತ್ತಿಗೆ ನಿಮ್ಮ ರನ್ ಕಡಿಮೆ ಅನ್ನಿಸಿದರೆ ಡಿಕ್ಲೇರ್ ಮುಂದಕ್ಕೆ ಹಾಕುವ ಬದಲು, ಅದಕ್ಕೂ ಮುಂಚಿನ ಗಂಟೆಯಲ್ಲಿ ಬೇಗ ರನ್ ಮಾಡಲು ಹೇಳಿ. ನಿಧಾನವಾಗಿ ಆಡಿ, ಮತ್ತೆ ತಡವಾಗಿ ಡಿಕ್ಲೇರ್ ಮಾಡೋದೇ ಕ್ಲಬ್ ಕ್ರಿಕೆಟ್‌ನಲ್ಲಿ ನಾನು ಜಾಸ್ತಿ ನೋಡುವ ತಪ್ಪು.

ಲೀಗ್‌ನ ಪಾಯಿಂಟ್ ನಿಯಮವನ್ನೂ ಓದಿಕೊಳ್ಳಿ. ರಣಜಿಯಲ್ಲಿ ಪೂರ್ಣ ಗೆಲುವಿಗೆ 6 ಪಾಯಿಂಟ್, ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆಗೆ 3. ನಾಕೌಟ್‌ನಲ್ಲಿ ಆ ಮುನ್ನಡೆಯೇ ಮುಂದಿನ ಸುತ್ತಿಗೆ ಕಳಿಸುತ್ತದೆ. ಅದಕ್ಕೇ ರಣಜಿ ನಾಯಕರು ಅಷ್ಟು ಹೊತ್ತು ಬ್ಯಾಟ್ ಮಾಡಿಸುವುದು. ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ದರೆ ಅವರನ್ನು ನೋಡಿ ಕಲಿಯಬೇಡಿ.

ಇನ್ನೊಂದು, ಇನಿಂಗ್ಸ್ ಬದಲಾಗುವಾಗ 10 ನಿಮಿಷ ಹೋಗುತ್ತದೆ. ಊಟಕ್ಕೋ ಟೀಗೋ ಹೋಗುವಾಗಲೇ ಡಿಕ್ಲೇರ್ ಮಾಡಿದರೆ ಆ 10 ನಿಮಿಷ ಉಳಿಯುತ್ತದೆ. ದಿನದ ಕೊನೆಗೆ 6-8 ಓವರ್ ಇರುವಾಗ ಮಾಡಿದರೆ ಎದುರಾಳಿಯ ಆರಂಭಿಕರು ದಿನವಿಡೀ ಫೀಲ್ಡ್ ಮಾಡಿ ದಣಿದ ಕಾಲಲ್ಲಿ ಪ್ಯಾಡ್ ಕಟ್ಟಿ ಬರಬೇಕು. ರೋಲರ್ ನೆಚ್ಚಿಕೊಂಡು ಮರುದಿನ ಬೆಳಗ್ಗೆ ಎರಡು ಓವರ್ ಆಡಿಸುವ ಬುದ್ಧಿವಂತಿಕೆ ಬೇಡ. 1948ರ ಹೆಡಿಂಗ್ಲಿಯಲ್ಲಿ ಇಂಗ್ಲೆಂಡ್ ನಾಯಕ ಯಾರ್ಡ್ಲಿ, ಭಾರದ ರೋಲರ್ ಹಾಕಿಸಿದರೆ ಪಿಚ್ ಒಡೆಯುತ್ತದೆ ಅಂತ ಹಾಗೆ ಮಾಡಿದರು. ಮೋರಿಸ್ 182, ಬ್ರಾಡ್‌ಮನ್ ಔಟಾಗದೆ 173 ಹೊಡೆದು ಆಸ್ಟ್ರೇಲಿಯಾ 3 ವಿಕೆಟ್‌ಗೆ 404 ಮಾಡಿ ಗೆದ್ದಿತು.

ಕೊನೆಯದಾಗಿ, ಡಿಕ್ಲೇರ್ ಯಾವಾಗ ಅಂತ ಕ್ರೀಸ್‌ನಲ್ಲಿರುವ ಇಬ್ಬರಿಗೂ ಮೊದಲೇ ತಿಳಿದಿರಲಿ. ಡ್ರಿಂಕ್ಸ್ ಹೊತ್ತಿಗೆ 'ಇನ್ನು ಹನ್ನೆರಡು ಓವರ್ ಅಷ್ಟೇ' ಅಂತ ಹೇಳಿ ಕಳಿಸಿ. 90ರಲ್ಲಿರುವ ಹುಡುಗ ಬೇಗ ಹೊಡೆದರೆ ಶತಕ ಅವನದು. ಹೊಡೆಯದಿದ್ದರೆ, ಹೇಳಿದ ಓವರ್‌ಗೆ ನೀವು ಪೆವಿಲಿಯನ್‌ನಿಂದ ಕೈ ಬೀಸಿ ಕರೆಯಿರಿ. ಅಷ್ಟರಲ್ಲಿ ನಿಮ್ಮ ಹೊಸ ಚೆಂಡಿನ ಬೌಲರ್‌ಗಳು ಶೂ ಕಟ್ಟಿಕೊಂಡು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿರಲಿ.