ಅಂಪೈರ್ ಬೆರಳು ಎತ್ತಿದ ಮೇಲೆ

"ಮನುಷ್ಯನಲ್ಲಿ ಕುಂದುಕೊರತೆ ಇರುವುದರಿಂದಲೇ ಅವನ ಬದುಕಿಗೆ ಅರ್ಥ. ಎಲ್ಲವೂ ಸರಿಯಾಗಿದ್ದರೆ ಆರಿಸಿಕೊಳ್ಳೋಕೆ ಏನಿರುತ್ತೆ?" ಅಂತ ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ತಪ್ಪೇ ಮಾಡದ ಯಂತ್ರಗಳು ಬಂದಮೇಲೆ ನಮ್ಮ ಪಾಡೇನು ಅನ್ನುವ ಆತಂಕವೂ ನಿಮಗಿದೆ. ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಇನ್ನರ್ಧ ಯಾಕೆ ಒಪ್ಪಲ್ಲ ಅಂತ ಹೇಳೋಕೆ ಒಂದು ಕ್ರಿಕೆಟ್ ಟೆಸ್ಟ್ ಪಂದ್ಯ ನೆನಪಿಸುತ್ತೇನೆ.

1980ರ ಫೆಬ್ರುವರಿ, ಮುಂಬೈಯ ವಾಂಖೆಡೆ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕೆಂದು ಇಂಗ್ಲೆಂಡ್ ಜೊತೆ ಒಂದೇ ಟೆಸ್ಟ್. ನಾಯಕ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ನಾವು 242ಕ್ಕೆ ಆಲೌಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಅವರ ಆಲ್‌ರೌಂಡರ್ ಇಯಾನ್ ಬಾಥಮ್‌ಗೆ ಜೊತೆಯಾದವರು ವಿಕೆಟ್ ಕೀಪರ್ ಬಾಬ್ ಟೇಲರ್. ಕಪಿಲ್ ದೇವ್ ಎಸೆತ, ನಮ್ಮ ಕೀಪರ್ ಕೈಗೆ ಕ್ಯಾಚ್, ಅಪೀಲು, ಅಂಪೈರ್ ಬೆರಳು ಎತ್ತಿಯಾಯ್ತು. ಟೇಲರ್‌ಗೆ ಹೊರಡಲು ಮನಸ್ಸಿಲ್ಲ. ಕೀಪರ್ ಪಕ್ಕದ ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೂ ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿತು. ಅಂಪೈರ್ ಹತ್ತಿರ ಹೋಗಿ ಅಪೀಲು ವಾಪಸ್ ತೆಗೆದುಕೊಂಡರು. ಟೇಲರ್ 43 ಹೊಡೆದರು, ಬಾಥಮ್ 114. ಇಬ್ಬರೂ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಅಂಪೈರ್ ಎಡವಿದ್ದರಿಂದಲೇ ವಿಶ್ವನಾಥ್ ದೊಡ್ಡವರಾದರು ಅಂತ ನೀವು ಹೇಳಬಹುದು. ಆದರೆ ಆ ತಪ್ಪು ತೀರ್ಪು ಇಡೀ ತಂಡದ ಕಣ್ಣೆದುರೇ ಇತ್ತಲ್ವಾ? ಅಂಥ ಹೊತ್ತಿನಲ್ಲಿ ಸುಮ್ನೆ ನಿಂತು ಲಾಭ ಪಡೆದ ನಾಯಕರೇ ಜಾಸ್ತಿ. ತಪ್ಪು ತಾನಾಗಿ ಯಾರ ಬದುಕಿಗೂ ಅರ್ಥ ಕೊಡುವುದಿಲ್ಲ. ಕೆಟ್ಟ ತೀರ್ಪಿಗೆ ಬಲಿಯಾಗಿ ತಂಡದಿಂದಲೇ ಹೊರಬಿದ್ದ ಹುಡುಗನ ಮುಂದೆ ನಿಂತು, ಕುಂದಿನಲ್ಲೇ ಅರ್ಥವಿದೆಯಪ್ಪಾ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ನನ್ನನ್ನು ಕಾಡುವುದು ಬೇರೆ ವಿಷಯ. ಟೇಲರ್ ಮುಂದಿನ ಎಸೆತಕ್ಕೇ ಔಟಾಗಬಹುದಿತ್ತು, ದಿನವಿಡೀ ಆಡಲೂಬಹುದಿತ್ತು, ಯಾವುದು ಅಂತ ವಿಶ್ವನಾಥ್‌ಗೆ ಗೊತ್ತಿರಲಿಲ್ಲ, ಆದರೂ ಆ ಕ್ಷಣದಲ್ಲೇ ತೀರ್ಮಾನಿಸಬೇಕಿತ್ತು, ಸೋತರೆ ಬೈಗುಳವನ್ನೂ ತಾವೇ ತಿನ್ನಬೇಕಿತ್ತು. ನಾಯಕರಾಗಿ ಅದು ಅವರ ಎರಡನೇ ಟೆಸ್ಟ್. ಮೂರನೆಯದು ಸಿಗಲೇ ಇಲ್ಲ. ಮುಂದಾಗುವುದು ಕಾಣದಿರುವುದೂ ಮನುಷ್ಯನ ಕುಂದು ಅನ್ನುವುದಾದರೆ, ಆ ಕುಂದಿಲ್ಲದೆ ಅವರ ನಿರ್ಧಾರಕ್ಕೆ ಈ ತೂಕ ಬರುತ್ತಿರಲಿಲ್ಲ. ಇಷ್ಟನ್ನು ಮನಸಾರೆ ಒಪ್ಪುತ್ತೇನೆ. ಅಂದಹಾಗೆ, ಅದೇ ಪಂದ್ಯದ ನಡುವೆ, ಫೆಬ್ರುವರಿ 16ರಂದು, ಸೂರ್ಯಗ್ರಹಣ ಅಂತ ಆಟಕ್ಕೆ ಬಿಡುವು ಕೊಟ್ಟಿದ್ದರು. ಗ್ರಹಣ ಎಷ್ಟು ಹೊತ್ತಿಗೆ ಹಿಡಿಯುತ್ತೆ, ಎಷ್ಟು ಹೊತ್ತಿಗೆ ಬಿಡುತ್ತೆ ಎಲ್ಲ ಮೊದಲೇ ಗೊತ್ತಿತ್ತು. ಚಂದ್ರ ಎಂದೂ ದಾರಿ ತಪ್ಪಲ್ಲ. ಹಾಗಂತ ಯಾರೂ ಅವನನ್ನು ಪ್ರಾಮಾಣಿಕ ಅಂತ ಹೊಗಳಲ್ಲ.

ಇನ್ನು ಯಂತ್ರದ ಮಾತು. ಈಗ ಅಂಪೈರ್ ತೀರ್ಪನ್ನು ಕ್ಯಾಮೆರಾ ನೋಡಿ ಮರುಪರಿಶೀಲಿಸುವ (ರಿವ್ಯೂ) ಡಿಆರ್‌ಎಸ್ ಇದೆ. ಇವತ್ತಾಗಿದ್ದರೆ ಟೇಲರ್ ತಾವೇ ರಿವ್ಯೂ ಕೇಳಿ ಉಳಿದುಕೊಳ್ಳುತ್ತಿದ್ದರೇನೋ. ಒಳ್ಳೆಯದೇ, ಅದನ್ನು ತೆಗೆದುಹಾಕಿ ಅಂತ ನಾನು ಹೇಳಲ್ಲ. ಆದರೆ ಅದರಿಂದ ಆಯ್ಕೆ ಮುಗಿದುಹೋಯ್ತಾ? ರಿವ್ಯೂ ಬೇಕೋ ಬೇಡವೋ ಅಂತ ಹೇಳೋಕೆ ನಾಯಕನಿಗೆ ಸಿಗುವುದು 15 ಸೆಕೆಂಡ್. ಚೆಂಡು ತಾಗಿದ್ದು ಬ್ಯಾಟ್ಸ್‌ಮನ್‌ಗೆ ಗೊತ್ತು, ಅಂಪೈರ್ ನಾಟೌಟ್ ಅಂದಿದ್ದಾರೆ, ಎದುರಾಳಿಗಳಿಗೆ ಸಿಗುವ ಕೆಲವೇ ರಿವ್ಯೂ ಎಲ್ಲ ಖಾಲಿ. ಹೊರಡಬೇಕಾ, ನಿಲ್ಲಬೇಕಾ ಅಂತ ಯಾವ ಕ್ಯಾಮೆರಾನೂ ಅವನಿಗೆ ಹೇಳಿಕೊಡಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.

– ಸಂಪಾದಕ