ರೇಡಿಯೋ ಇರಲಿಲ್ಲ, ಮಗ್ಗ ಇತ್ತು

ಅಕ್ಕಾವ್ರಿಗೆ ನಮಸ್ಕಾರ.

ನಿಮ್ಮ ಪತ್ರ ಮೂರು ವಾರದಿಂದ ನನ್ನ ಟೇಬಲ್ಲಿನ ಮೇಲಿದೆ. ನೋಟಬುಕ್ಕಿನ ಎರಡು ಹಾಳೆ, ಎರಡೂ ಮಗ್ಗುಲು ಬರೆದದ್ದು. ಹೆಸರು ಹಾಕಬೇಡಿ ಎಂದು ಕೊನೆಗೆ ಎರಡು ಗೀಟು ಎಳೆದು ಹೇಳಿದ್ದೀರಿ, ಹಾಕುವುದಿಲ್ಲ. ಆದರೆ ಪ್ರಶ್ನೆಯೇ ಗೊತ್ತಿಲ್ಲದವರಿಗೆ ಉತ್ತರ ಓದಿಸಿ ಏನು ಬಂತು? ಅದಕ್ಕೆ ನಿಮ್ಮವೇ ಕೆಲವು ಸಾಲು ಇಲ್ಲಿ ಕೊಡುತ್ತೇನೆ. ಸಿಟ್ಟಾಗಬೇಡಿ.

“ನಿಮ್ಮ ಹಾಡು-ನೆನಪಿನ ಸಂಚಿಕಿ ಪೂರಾ ಓದಿದೆ. ಎಲ್ಲಾರ ಮನ್ಯಾಗೂ ರೇಡಿಯೋ. ಎಲ್ಲಾರ ಅಪ್ಪನೂ ಮುಂಜಾನೆ ಚಾ ಕುಡಕೋತ ಮಲ್ಲಿಕಾರ್ಜುನ ಮನ್ಸೂರರ ಹಾಡು ಕೇಳಾವ್ರು. ನಮ್ಮ ಮನ್ಯಾಗ ರೇಡಿಯೋ ಇರಲಿಲ್ಲ, ಮಗ್ಗ ಇತ್ತು. ಬೆಟಗೇರ್ಯಾಗ ಅಪ್ಪ ಕುಣ್ಯಾಗ ಕಾಲ ಬಿಟಗೊಂಡು ನೇಯಾವ, ಅವ್ವ ಬಾಗಲ ಕಡೆ ಕುಂತು ರಾಟಿ ತಿರುವಿ ನೂಲಿನ ಕಂಡಕಿ ಸುತ್ತಾಕಿ. ಸುತ್ತಕೋತ ಶರೀಫರ ಪದಾ ಅನ್ನಾಕಿ. ಎಳಿ ಹರೀತಂದ್ರ ಮಗ್ಗ ನಿಲ್ತಿತ್ತು, ಮಗ್ಗ ನಿಂತ್ರ ಅವ್ವನ ಪದಾನೂ ನಿಲ್ತಿತ್ತು. ಈಗ ಹುಬ್ಬಳ್ಳ್ಯಾಗ ಮಗನ ಫ್ಲ್ಯಾಟಿನ್ಯಾಗ ಅದೀನಿ. ಫ್ಯಾನು ಎರಡಕ್ಕ ಇಟ್ರ ಟಕ್ ಟಕ್ ಅಂತದ. ಮಧ್ಯಾಹ್ನ ಅಡ್ಡಾದಾಗ ಅದರಾಗ ಅಪ್ಪನ ಮಗ್ಗ ಕೇಳತದ, ಅದರ ಬೆನ್ನಿಗೆ ಅವ್ವನ ಪದಾ ಬರತದ. ಮೊಮ್ಮಗ ಮೊಬೈಲಿನ್ಯಾಗ ಅದ ಪದಾ 11 ಮಂದಿ ಹಾಡಿದ್ದು ಹುಡುಕಿ ಕೊಟ್ಟ. ಒಂದೂ ಅವ್ವಂದಲ್ಲ. ಮಗ ಫ್ಯಾನ್ ರಿಪೇರಿ ಮಾಡಸ್ತೀನಿ ಅಂತಾನ. ಬ್ಯಾಡ ಅಂದ್ರ ಏನ ಕಾರಣ ಹೇಳ್ಲಿ?”

ಮೊದಲು ಜಗಳದ ಮಾತು ಮುಗಿಸೋಣ. ಪತ್ರ ಬಂದ ದಿನವೇ ಆ ಸಂಚಿಕೆ ತೆಗೆದು ಎಣಿಸಿದೆ. ಆರು ಬರಹ, ಆರರಲ್ಲೂ ರೇಡಿಯೋ. ಅವುಗಳಲ್ಲಿ ಒಂದು ನನ್ನದೇ. “ನಮ್ಮ ಮನೆಯ ರೇಡಿಯೋ ಕಣ್ಣು ತೆರೆದಾಗ ನಮಗೆ ಬೆಳಗಾಗುತ್ತಿತ್ತು” ಎಂದು ಶುರುವಾಗುತ್ತದೆ. ಅಕ್ಕಾವ್ರ, ಅದು ಸುಳ್ಳು. ನಮ್ಮ ಮನೆಯಲ್ಲೂ ರೇಡಿಯೋ ಇರಲಿಲ್ಲ.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಖೋಲಿ ಮನೆ. ರೇಡಿಯೋ ಇದ್ದದ್ದು ಗೋಡೆಯ ಆಚೆಯವರಲ್ಲಿ. ರೇಡಿಯೋಕ್ಕೆ ಆಗ ಲೈಸೆನ್ಸ್ ಬೇಕು, ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕದ ಮೇಲೆ ಠಸ್ಸೆ ಹಾಕಿಸಿಕೊಂಡು ಬರಬೇಕು. ನಮ್ಮಪ್ಪನ ಲೆಕ್ಕ ಸರಳ: ಕಿವಿಗೆ ಲೈಸೆನ್ಸ್ ಇಲ್ಲ. ಮುಂಜಾನೆ ಆಚೆಯವರು ಗುಂಡಿ ತಿರುವಿದ ಟಕ್ ಸಪ್ಪಳ ಬರುತ್ತಿತ್ತು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ವಾಲ್ವಿನ ಸೆಟ್ಟು, ಕಾಯಬೇಕಲ್ಲ. ಆಮೇಲೆ ಆಕಾಶವಾಣಿಯ ಕಾರ್ಯಕ್ರಮ ಶುರುವಾಗುವ ಮುನ್ನ ಬರುವ ಆ ಪಿಟೀಲಿನ ಎಳೆ. ಗೋಡೆ ದಾಟಿ ಬರುವಾಗ ಮಾತು ಉಳಿಯುತ್ತಿರಲಿಲ್ಲ, ಬರೀ ಏರಿಳಿತ. ಹೀಗಾಗಿ ನನಗೆ ಎಷ್ಟೋ ಹಾಡುಗಳ ಸಾಹಿತ್ಯ ಇವತ್ತಿಗೂ ಗೊತ್ತಿಲ್ಲ, ಅವುಗಳ ನಡಿಗೆ ಗೊತ್ತು. ಬರೆಯಲು ಕುಳಿತಾಗ ಆ ಗೋಡೆ ಎಲ್ಲಿ ಹೋಯಿತೋ. ಆಚೆಯವರ ರೇಡಿಯೋ ನಮ್ಮದಾಯಿತು, ಮೇಲೊಂದು ಕ್ರೋಶೆ ಹೊದಿಕೆಯನ್ನೂ ಹಾಕಿಬಿಟ್ಟೆ. ನೆನಪಿಗೆ ಈ ಚಟ ಇದೆ, ಬಡತನವನ್ನು ಇಸ್ತ್ರಿ ಮಾಡುತ್ತದೆ. ನಿಮ್ಮ ಪತ್ರ ಬರದಿದ್ದರೆ ನಾನು ಅದನ್ನೇ ನಂಬಿಕೊಂಡು ಇರುತ್ತಿದ್ದೆ.

ಆ ಪಿಟೀಲಿನ ಎಳೆಯೂ ಮೂಲದಲ್ಲಿ ನಮ್ಮದಲ್ಲ. ಅದನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್, ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದು ಸೇರಿದ ಯಹೂದಿ ಸಂಗೀತಗಾರ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ಎರಡು ಮೂರು ತಲೆಮಾರಿನ ನಮ್ಮ ಮಂದಿ ಅದನ್ನು ಕೇಳುತ್ತ ಹಲ್ಲುಜ್ಜಿದ್ದಾರೆ, ಬಚ್ಚಲ ಒಲೆಗೆ ಉರಿ ಹಾಕಿದ್ದಾರೆ. ಇವತ್ತು ಎಲ್ಲಾದರೂ ಅದು ಕಿವಿಗೆ ಬಿದ್ದರೆ ನನಗೆ ಬಿಸಿನೀರಿನ ಹಂಡೆಯ ಹೊಗೆ ಕಣ್ಣಿಗೆ ಬರುತ್ತದೆ.

ಇನ್ನು ನಿಮ್ಮ ಊರು, ಗದಗಿಗೆ ಅಂಟಿಕೊಂಡ ಬೆಟಗೇರಿ. ರೇಡಿಯೋ ಇಲ್ಲದವರಿಗೆ ಸಂಗೀತದ ನೆನಪು ಹ್ಯಾಂಗ ಇರತದ್ರಿ ಎಂದು ಚುಚ್ಚಿದ್ದೀರಲ್ಲ, ಅದಕ್ಕೆ ಗದಗಿನವರೇ ಸಾಕ್ಷಿ ಹೇಳುತ್ತಾರೆ. ಭೀಮಸೇನ ಜೋಶಿಯವರ ಬಾಲ್ಯದ ಕತೆ ನಿಮಗೂ ಗೊತ್ತಿದ್ದದ್ದೇ. ಭಜನೆ ಮೇಳ ಬರಲಿ, ಬ್ಯಾಂಡ್ ಬರಲಿ, ಹುಡುಗ ಬೆನ್ನು ಹತ್ತಿ ಹೋಗುವುದು, ಸುಸ್ತಾದಲ್ಲಿ ಮಲಗಿಬಿಡುವುದು. ಹುಡುಕಿ ಹುಡುಕಿ ಸಾಕಾಗಿ ಅಪ್ಪ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದು ಕಳಿಸುತ್ತಿದ್ದರಂತೆ. ಮುಂದೆ ಗಾಯಕ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ರೆಕಾರ್ಡು ಕಿವಿಗೆ ಬಿದ್ದದ್ದೂ ಅಂಗಡಿಯ ಗ್ರಾಮೋಫೋನಿನಿಂದ. ಅದರ ಗುಂಗಿನಲ್ಲೇ 1933ರಲ್ಲಿ, 11ರ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟು ಹೋದ. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ ಸಣ್ಣವರಿದ್ದಾಗಲೂ ಅಷ್ಟೇ, ಗ್ರಾಮೋಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದರು. ಮನೆಯಲ್ಲಿ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುವವರು, ಮಗಳು ಓಡುವುದು ಬೀದಿಯ ಹಿಂದುಸ್ತಾನಿಗೆ. ಈ ಪ್ರಾಂತದ ಸಂಗೀತದಲ್ಲಿ ಎಷ್ಟೋ ಪಾಲು ಹೀಗೆ ಹೊಸ್ತಿಲ ಆಚೆ ನಿಂತು ಕೇಳಿದ್ದು. ನಮ್ಮ ಸಂಚಿಕೆ ಅದನ್ನು ಮರೆತು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತು.

ಎರಡನೆಯ ಹಾಳೆಯ ಹಿಂಬದಿಯಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದಿದ್ದೀರಿ: ಅಪ್ಪ ನೇಯ್ದ ಸೀರೆ ಕೊಟ್ಟು ಬರಲು ಹೋದರೆ, ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಹೊರಗೆ ನಿಂತು ಹುಡುಗರು ತಬಲಾ ಬಾರಿಸುವುದನ್ನು ಕೇಳುತ್ತ ಹೊತ್ತು ಮಾಡುತ್ತಿದ್ದರು, ಅವ್ವ ಬೈಯುತ್ತಿದ್ದರು ಎಂದು. ನನಗೆ ಇಡೀ ಪತ್ರದಲ್ಲಿ ಇದು ಹೆಚ್ಚು ಹಿಡಿಸಿತು. ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ, ಕಲಿಯಲು ಬಂದ ಎಷ್ಟೋ ಮಕ್ಕಳಿಗೂ ಇರಲಿಲ್ಲ. ಇಬ್ಬರೂ ಗುರುಗಳು ಈಗಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿ ಗದಗಿನಲ್ಲಿ ನೆಲೆ ನಿಂತವರು. ಅಲ್ಲಿಯ ಪಾಠ ಕಿವಿಯಿಂದ ಕೈಗೆ. ಹೊರಗೆ ನಿಂತಿದ್ದ ನಿಮ್ಮಪ್ಪನದೂ ಅಂಥದೇ ಕಸುಬು. ಎಳೆ ಹರಿದದ್ದು ಕಣ್ಣಿಗೆ ಕಾಣುವ ಮೊದಲು ಸಪ್ಪಳದಲ್ಲಿ ಗೊತ್ತಾಗುತ್ತದೆ ಎಂದು ನೇಕಾರರು ಹೇಳುತ್ತಾರೆ.

ಇದನ್ನು ನಾನು ಕೇಳಿ ತಿಳಿದದ್ದು ಹೋದ ರವಿವಾರ. ನಿಮ್ಮ ಪತ್ರ ಕಿಸೆಯಲ್ಲಿಟ್ಟುಕೊಂಡು ಬೆಟಗೇರಿಗೆ ಹೋಗಿದ್ದೆ. ನಾನು ಹೋದ ಓಣಿಯಲ್ಲಿ ಪವರ್‌ಲೂಮುಗಳ ಗದ್ದಲದ ನಡುವೆ ಒಂದೇ ಒಂದು ಕುಣಿಮಗ್ಗ ನಡೆಯುತ್ತಿತ್ತು. ನೇಯುವ ಹಿರಿಯರು ಕೂರಿಸಿಕೊಂಡರು, ಚಾ ಕೊಟ್ಟರು, ಬಂದ ಕೆಲಸ ಕೇಳಿ ನಕ್ಕರು. “ಫ್ಯಾನಿನ ಸಲುವಾಗಿ ಬಂದೀರೇನ್ರಿ?” ಅರ್ಧ ತಾಸು ಕಣ್ಣು ಮುಚ್ಚಿ ಕೇಳಿದೆ. ಒಂದೇ ಟಕ್ ಎಂದು ನಾನು ತಿಳಿದದ್ದರಲ್ಲಿ ನಾಲ್ಕು ಸಪ್ಪಳ ಇವೆ. ಕಾಲಡಿಯ ಹಲಗೆ ಒತ್ತಿದಾಗ ಒಂದು ಕಿರ್ರ್. ಹಗ್ಗ ಜಗ್ಗಿದಾಗ ಲಾಳಿ ಹಾಸಿನ ನಡುವೆ ಓಡುವ ಸರ್ರ್. ಅದು ಆ ತುದಿಯ ಪೆಟ್ಟಿಗೆಗೆ ಬಡಿಯುವ ಟಕ್. ಆಮೇಲೆ ಹೊಕ್ಕಿನ ಎಳೆಯನ್ನು ಬಟ್ಟೆಗೆ ಕೂಡಿಸುವ ಹೊಡೆತ, ದಪ್ಪನ್ನ ದನಿ, ಎದೆಗೆ ತಾಗುವಂಥದು. ನಿಮ್ಮ ಫ್ಯಾನಿನಲ್ಲಿ ಇರುವುದು ಮೂರನೆಯದು ಮಾತ್ರ. ಉಳಿದ ಮೂರನ್ನು ನೀವೇ ತುಂಬಿಕೊಳ್ಳುತ್ತೀರಿ, ಮಧ್ಯಾಹ್ನ, ಅಡ್ಡಾದಾಗ, ಕಣ್ಣು ಜೊಂಪು ಹತ್ತುವಾಗ. ಫ್ಯಾನು ಮೂರಕ್ಕೆ ಇಟ್ಟರೆ ಬರುವುದಿಲ್ಲ ಎಂದು ಬರೆದಿದ್ದೀರಿ. ಹೇಗೆ ಬಂದೀತು? ಅಷ್ಟು ಜೋರಾಗಿ ಯಾವ ಕೈಯೂ ನೇಯುವುದಿಲ್ಲ.

ನಾನು ಕೂತಿದ್ದಾಗಲೇ ಒಮ್ಮೆ ಎಳೆ ಹರಿಯಿತು. ಮಗ್ಗ ನಿಂತಿತು. ಹಿರಿಯರು ಬಗ್ಗಿ ಹರಿದ ತುದಿ ಹುಡುಕಿ, ನಾಲಿಗೆಗೆ ಬೆರಳು ತಾಗಿಸಿ, ಹೊಸೆದು ಗಂಟು ಹಾಕಿದರು. ಅವರಿಗೆ ಬಹಳ ಹೊತ್ತು ಹಿಡಿಯಲಿಲ್ಲ, ಆದರೆ ಆ ಸುಮ್ಮನಿರುವಿಕೆ ಇಡೀ ಖೋಲಿಗೆ ಗೊತ್ತಾಯಿತು. ಒಳಗೆ ಸೊಪ್ಪು ಸೋಸುತ್ತಿದ್ದ ಹೆಣ್ಣುಮಗಳು ತಲೆ ಎತ್ತಿ ಇತ್ತ ನೋಡಿದಳು. ನಿಮ್ಮ ಅವ್ವನ ಪದ ಅಲ್ಲಿ ನಿಲ್ಲುತ್ತಿತ್ತು ಎಂಬುದು ಆಗ ನನಗೆ ತಿಳಿಯಿತು. ಗಂಟು ಬಿದ್ದ ಮೇಲೆ ಸಾಲನ್ನು ಮೊದಲಿನಿಂದ ಹಿಡಿಯುತ್ತಿದ್ದರೋ, ಬಿಟ್ಟಲ್ಲಿಂದಲೋ? ಅದನ್ನು ನೀವು ಬರೆದಿಲ್ಲ.

ಆ 11 ಮಂದಿ ಹಾಡಿದ್ದು ಯಾಕೆ ಅವ್ವನದಲ್ಲ ಎನ್ನುವುದಕ್ಕೆ ನನಗೆ ತೋಚುವ ಕಾರಣ ಇದು. ಅವರು ಎಲ್ಲೂ ನಿಲ್ಲುವುದಿಲ್ಲ. ಹಾರ್ಮೋನಿಯಂ ಇದೆ, ತಬಲಾ ಇದೆ, ಒಬ್ಬರ ಬಳಿ ಕೀಬೋರ್ಡೂ ಇರಬೇಕು. ಪದ ಪಲ್ಲವಿಯಿಂದ ಅಂಕಿತದವರೆಗೆ ಸರಾಗ ಹರಿಯುತ್ತದೆ. ನಿಮ್ಮಲ್ಲಿರುವ ಪದಕ್ಕೆ ತೂತುಗಳಿವೆ. ಶಿಶುನಾಳ ಶರೀಫರೂ (1819–1889) ದೊಡ್ಡ ಸಭೆಗೆ ಹಾಡಿದವರಲ್ಲ. ಹೊಲ, ಮನೆ, ಸಂತೆ, ಬೀಸುಕಲ್ಲು, ಕಂಡದ್ದನ್ನೇ ಹಿಡಿದು ಪದ ಕಟ್ಟಿದವರು. ಅವರ ಪದಗಳು ಬಾಯಿಂದ ಬಾಯಿಗೆ ಬರುವಾಗ ಒಂದೊಂದು ಮನೆಯ ಕೆಲಸದ ಗತ್ತು ಹಿಡಿದುಕೊಂಡೇ ಬಂದಿವೆ. ನಿಮ್ಮ ಮನೆಯಲ್ಲಿ ಅದು ರಾಟಿಯ ಗತ್ತು.

ಮೊಮ್ಮಗ ಹುಡುಕಿ ಕೊಟ್ಟದ್ದನ್ನು ಕೇಳಬೇಕೋ ಬೇಡವೋ ಎಂದರೆ, ನನ್ನದೇ ಒಂದು ಮಾತು ಹೇಳುತ್ತೇನೆ. ನನ್ನ ಅವ್ವ ಆರತಿ ಹಾಡು ಹಾಡಿದ ಕ್ಯಾಸೆಟ್ ಒಂದಿದೆ. ಸಂಬಂಧಿಕರೊಬ್ಬರು ಟೇಪ್‌ರೆಕಾರ್ಡರ್ ತಂದಾಗ ಒತ್ತಾಯ ಮಾಡಿ ಹಾಡಿಸಿದ್ದು. ಆಕೆ ಹೋದ ಮೇಲೆ ಮೊದಲ ವರ್ಷ ಅದನ್ನು ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಹಾಕಿ ಹಾಕಿ ಆ ಹಾಡು ಈಗ ನನಗೆ ಏನೂ ಮಾಡುವುದಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ದನಿ ಸೀಳುತ್ತದೆ, ಎಲ್ಲ ಬಾಯಿಪಾಠ. ಆದರೆ ಹಾಡು ಶುರುವಾಗುವ ತುಸು ಮೊದಲು ಅವಳ ಮೊದಲ ಶಬ್ದ ಬಹಳ ಸಣ್ಣದಾಗಿ, ಎಲ್ಲೋ ದೂರದಿಂದೆಂಬಂತೆ, ಒಮ್ಮೆ ಕೇಳುತ್ತದೆ. ದೆವ್ವ ಅಲ್ಲ. ಟೇಪು ವರ್ಷಗಟ್ಟಲೆ ಬಿಗಿಯಾಗಿ ಸುತ್ತಿಕೊಂಡಿದ್ದರೆ ಒಂದು ಸುತ್ತಿನ ಕಾಂತ ಮೇಲಿನ ಸುತ್ತಿಗೆ ಅಂಟುತ್ತದೆ, ತೆಳು ಟೇಪಿನ 90 ನಿಮಿಷದ ಕ್ಯಾಸೆಟ್ಟುಗಳಲ್ಲಿ ಇದು ಹೆಚ್ಚು. ಆಮೇಲೆ, ಹಾಡಿನ ನಡುವೆ ಹಿಂದಿನಿಂದ ವರ್ಕ್‌ಶಾಪಿನ ಭೋಂಗಾ ಕೂಗುತ್ತದೆ. ಯಾರೋ ತಾಮ್ರದ ಕೊಡ ನೆಲಕ್ಕೆ ಇಡುತ್ತಾರೆ. ಅಪ್ಪ “ಬಾಗಲಾ ಹಾಕ್ರಿ” ಎನ್ನುತ್ತಾನೆ. ಆ ಕೊಡದ ಸಪ್ಪಳ ಬಂದಾಗ ನಾನು ಇವತ್ತಿಗೂ ಟೇಪು ನಿಲ್ಲಿಸುತ್ತೇನೆ. ಅದನ್ನು ಯಾರೂ ರೆಕಾರ್ಡ್ ಮಾಡಬೇಕೆಂದು ಮಾಡಿದ್ದಲ್ಲ.

ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ಕೇಳಿದ ಹಾಡುಗಳು ಗಟ್ಟಿಯಾಗಿ ಉಳಿಯುತ್ತವೆ, ಮರೆವಿನ ಕಾಯಿಲೆ ಹಿಡಿದವರೂ ಎಷ್ಟೋ ಸಲ ಹಳೆಯ ಹಾಡನ್ನು ಪೂರಾ ಹಾಡುತ್ತಾರೆ ಎಂದು ಮನಸ್ಸನ್ನು ಓದಿದವರು ಹೇಳುತ್ತಾರೆ. ಒಂದು ನೆನಪನ್ನು ತೆಗೆದು ನೋಡಿದಾಗಲೆಲ್ಲ ಅದು ಅಷ್ಟಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದೂ ಹೇಳುತ್ತಾರೆ. ಎರಡನೆಯ ಮಾತು ನನಗೆ ನನ್ನ ರೇಡಿಯೋದಿಂದಲೇ ಖಾತ್ರಿಯಾಗಿದೆ. ಹಾಗಾಗಿ ಆ 11ರಲ್ಲಿ ಒಂದನ್ನು ದಿನಾ ಕೇಳುತ್ತ ಹೋದರೆ ಅವ್ವನ ತೂತುಗಳು ಮುಚ್ಚಿಹೋಗುತ್ತವೆ ಎಂಬುದು ನನ್ನ ಅಂಜಿಕೆ. ಮೊಮ್ಮಗನ ಮನಸ್ಸು ನೋಯಿಸಬೇಡಿ, ಒಂದು ಸಲ ಕೇಳಿ, ಛಲೋ ಅದ ಅನ್ನಿ. ಆಮೇಲೆ ಅವನನ್ನು ಕೂರಿಸಿಕೊಂಡು ನೀವು ಹಾಡಿ. ಅವನು ಮೊಬೈಲಿನಲ್ಲಿ ಹಿಡಿದುಕೊಳ್ಳಲಿ. ಕುಕ್ಕರ್ ಕೂಗಿದರೆ ಕೂಗಲಿ, ನಿಲ್ಲಿಸಬೇಡಿ.

ಇನ್ನು ಫ್ಯಾನು. ಇದರಲ್ಲಿ ನಾನು ನಿಮ್ಮ ಮಗನ ಪಕ್ಷವೂ ಹೌದು, ನಿಮ್ಮ ಪಕ್ಷವೂ ಹೌದು. ಎಲೆಕ್ಟ್ರಿಷಿಯನ್ ಬರಲಿ. ಛತ್ತಿನ ಕೊಕ್ಕೆ, ರಾಡಿನ ಬೋಲ್ಟು, ಅದಕ್ಕೆ ಹಾಕಿದ ಪಿನ್ನು ನೋಡಲಿ, ಅಲ್ಲಿ ಸಡಿಲಿದ್ದರೆ ಆಗಿಂದಾಗಲೇ ಬಿಗಿ ಮಾಡಬೇಕು. ಮಲಗುವುದು ನೀವು, ಅದರ ಕೆಳಗೆ. ರೆಕ್ಕೆಯ ಸ್ಕ್ರೂಗಳದೂ ಅದೇ ಮಾತು. ಅಷ್ಟಾದ ಮೇಲೂ ಟಕ್ ಟಕ್ ಉಳಿದರೆ ಅದು ಬಹುಶಃ ರಾಡಿನ ಮೇಲಿನ ಬಟ್ಟಲಿನಂಥ ಮುಚ್ಚಳ ಅಲುಗಾಡುವ ಸಪ್ಪಳ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ, ಹಾಗೇ ಬಿಡಿ ಎಂದು ಹೇಳಿ. ಮಗ ಕಾರಣ ಕೇಳಿದರೆ ಈ ಪುಟ ಕೊಡಿ.

ನಮ್ಮ ಕಡೆಯಿಂದ ಒಂದು ಬೇಡಿಕೆ. ಅವ್ವನ ಪದವನ್ನು ಕಾಗದದ ಮೇಲೆ ಬರೆದು ಕಳಿಸಿ. ಸಾಹಿತ್ಯ ಪುಸ್ತಕದಲ್ಲಿ ಸಿಗುತ್ತದೆ, ಅದರ ಚಿಂತೆ ಬೇಡ. ಎಲ್ಲೆಲ್ಲಿ ಎಳೆ ಹರಿಯುತ್ತಿತ್ತು ಎಂದು ನಿಮಗೆ ನೆನಪಿದೆಯೋ ಅಲ್ಲಲ್ಲಿ ಒಂದು ಗೀಟು ಎಳೆಯಿರಿ. ಗಂಟು ಬಿದ್ದ ಮೇಲೆ ಎಲ್ಲಿಂದ ಹಿಡಿಯುತ್ತಿದ್ದರೆಂದೂ ಬರೆಯಿರಿ. ಗೀಟುಗಳ ಸಮೇತ ಅಚ್ಚು ಹಾಕುತ್ತೇವೆ. ಲಗೂ ಕಳಿಸ್ರಿ, ಮಳಿ ಹಿಡೀತಂದ್ರ ಫ್ಯಾನು ಹಾಕೂದಿಲ್ಲ.

— ಸಂಪಾದಕ